ಸ್ವಾಲ್ಬಾರ್ಡ್‌ನ ಸಂರಕ್ಷಿತ ಐತಿಹಾಸಿಕ ತಾಣಗಳು

ಸ್ವಾಲ್ಬಾರ್ಡ್‌ನ ಸಂರಕ್ಷಿತ ಐತಿಹಾಸಿಕ ತಾಣಗಳು ಎಂದರೆ ಆರ್ಕ್ಟಿಕ್ ಮಹಾಸಾಗರದಲ್ಲಿರುವ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ ಕಾನೂನಿನ ರಕ್ಷಣೆ ಪಡೆದಿರುವ ಕಟ್ಟಡಗಳು, ಅವಶೇಷಗಳು, ಸಮಾಧಿಗಳು ಹಾಗೂ ಬಿಡಿ ವಸ್ತುಗಳು. 17ನೇ ಶತಮಾನದ ತಿಮಿಂಗಿಲ ಬೇಟೆಯ ಕೇಂದ್ರಗಳು, ರಷ್ಯಾದ ಪೊಮೋರ್ ಬೇಟೆಗಾರರ ಮನೆಗಳು, ಉತ್ತರ ಧ್ರುವ ಯಾತ್ರೆಗಳ ನೆಲೆಗಳು, ಕಲ್ಲಿದ್ದಲು ಗಣಿಗಳು ಮತ್ತು ಎರಡನೇ ಮಹಾಯುದ್ಧದ ಹವಾಮಾನ ಕೇಂದ್ರಗಳು ಇವುಗಳಲ್ಲಿ ಮುಖ್ಯವಾದವು.

ಇಲ್ಲಿನ ಕಾನೂನಿನ ಪ್ರಕಾರ 1945 ಅಥವಾ ಅದಕ್ಕಿಂತ ಹಿಂದಿನ ಕಾಲಕ್ಕೆ ಸೇರಿದ ಮನುಷ್ಯ ಚಟುವಟಿಕೆಯ ಪ್ರತಿಯೊಂದು ಕುರುಹೂ ಪ್ರತ್ಯೇಕ ಘೋಷಣೆಯ ಅಗತ್ಯವಿಲ್ಲದೆ ತಾನಾಗಿಯೇ ಸಂರಕ್ಷಿತವಾಗುತ್ತದೆ. ತುಕ್ಕು ಹಿಡಿದ ಮೊಳೆ, ಒಡೆದ ಪೀಪಾಯಿಯ ಹಲಗೆ, ಬೇಟೆಗಾರರು ಬಿಟ್ಟುಹೋದ ವಾಲ್ರಸ್ ಮೂಳೆಗಳ ರಾಶಿ ಮೊದಲಾದವೂ ಈ ವ್ಯಾಪ್ತಿಗೆ ಬರುತ್ತವೆ. ಶೀತಲ ಮತ್ತು ಶುಷ್ಕ ಹವೆಯಿಂದಾಗಿ ಶತಮಾನಗಳ ಕಾಲ ಉಳಿದುಬಂದ ಈ ತಾಣಗಳು ಈಗ ಹವಾಮಾನ ಬದಲಾವಣೆಯಿಂದ ವೇಗವಾಗಿ ನಾಶವಾಗುತ್ತಿವೆ.

## ಹಿನ್ನೆಲೆ

ಸ್ವಾಲ್ಬಾರ್ಡ್ ದ್ವೀಪಸಮೂಹವು ನಾರ್ವೆಯ ಮುಖ್ಯಭೂಮಿ ಮತ್ತು ಉತ್ತರ ಧ್ರುವಗಳ ನಡುವೆ, ಉತ್ತರ ಅಕ್ಷಾಂಶ 74° ಮತ್ತು 81°ಗಳ ಮಧ್ಯೆ ಹರಡಿಕೊಂಡಿದೆ. ಸ್ಪಿಟ್ಸ್‌ಬರ್ಗೆನ್ ಇದರ ಅತಿ ದೊಡ್ಡ ದ್ವೀಪ. ನೆಲದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹಿಮನದಿಗಳು ಆವರಿಸಿವೆ. ಉಳಿದ ನೆಲವು ವರ್ಷವಿಡೀ ಹೆಪ್ಪುಗಟ್ಟಿರುತ್ತದೆ; ಬೇಸಿಗೆಯಲ್ಲಿ ಅದರ ಮೇಲ್ಪದರ ಮಾತ್ರ ಕರಗುತ್ತದೆ. ಮರಗಳು ಬೆಳೆಯುವುದಿಲ್ಲ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯನು ಕಾಣಿಸಿಕೊಳ್ಳುವುದಿಲ್ಲ.

ಈ ದ್ವೀಪಗಳಲ್ಲಿ ಮೂಲನಿವಾಸಿ ಜನಾಂಗವಿಲ್ಲ. 1596ರಲ್ಲಿ ವಿಲ್ಲೆಮ್ ಬಾರೆಂಟ್ಸ್ ಎಂಬ ಡಚ್ ನಾವಿಕನನ್ನು ಒಳಗೊಂಡ ತಂಡವು ಚೀನಾಕ್ಕೆ ಈಶಾನ್ಯದ ಜಲಮಾರ್ಗವನ್ನು ಹುಡುಕುತ್ತಾ ಇಲ್ಲಿಗೆ ಬಂದು, ಕಂಡ ಚೂಪು ಬೆಟ್ಟಗಳಿಂದಾಗಿ ‘ಸ್ಪಿಟ್ಸ್‌ಬರ್ಗೆನ್’ ಎಂದು ಹೆಸರಿಟ್ಟಿತು. ಅನಂತರ ಬಂದವರೆಲ್ಲರೂ ತಿಮಿಂಗಿಲ, ತುಪ್ಪಳ, ಕಲ್ಲಿದ್ದಲು, ಕೀರ್ತಿ ಅಥವಾ ಯುದ್ಧದ ಕಾರಣಕ್ಕಾಗಿ ಹೊರಗಿನಿಂದ ಬಂದವರು. ಅವರಲ್ಲಿ ಹೆಚ್ಚಿನವರು ಲಿಖಿತ ದಾಖಲೆಗಳನ್ನು ಬಿಟ್ಟುಹೋಗದ ಸಾಮಾನ್ಯ ಕೂಲಿಕಾರರು ಮತ್ತು ನಾವಿಕರು. ಆದ್ದರಿಂದ ಇಲ್ಲಿನ ಇತಿಹಾಸವನ್ನು ತಿಳಿಯಲು ನೆಲದ ಮೇಲೆ ಉಳಿದಿರುವ ಕುರುಹುಗಳೇ ಬಹುಮಟ್ಟಿಗೆ ಏಕೈಕ ಆಧಾರವಾಗಿವೆ.

1920ರ ಫೆಬ್ರವರಿ 9ರಂದು ಪ್ಯಾರಿಸ್‌ನಲ್ಲಿ ಸಹಿಯಾದ ಸ್ವಾಲ್ಬಾರ್ಡ್ ಒಪ್ಪಂದವು ದ್ವೀಪಗಳ ಮೇಲೆ ನಾರ್ವೆಯ ಸಾರ್ವಭೌಮತ್ವವನ್ನು ಮಾನ್ಯ ಮಾಡಿತು. ಒಪ್ಪಂದಕ್ಕೆ ಸೇರಿದ ದೇಶಗಳ ಪ್ರಜೆಗಳಿಗೆ ಬೇಟೆ, ಮೀನುಗಾರಿಕೆ, ಗಣಿಗಾರಿಕೆ ಮತ್ತು ವಾಣಿಜ್ಯದಲ್ಲಿ ಸಮಾನ ಅವಕಾಶವನ್ನೂ ಅದು ನೀಡಿತು. 1925ರಲ್ಲಿ ಒಪ್ಪಂದ ಜಾರಿಗೆ ಬಂದಿತು. ಪ್ರಕೃತಿ ಮತ್ತು ಪರಂಪರೆಯ ರಕ್ಷಣೆಗೆ ಕಾನೂನು ರೂಪಿಸುವ ಹೊಣೆಯು ಇದರೊಂದಿಗೆ ನಾರ್ವೆಗೆ ಸೇರಿತು.

## ಕಾನೂನಿನ ಚೌಕಟ್ಟು

ಸ್ವಾಲ್ಬಾರ್ಡ್‌ನ ಪರಂಪರೆಯ ರಕ್ಷಣೆಗೆ 1974ರಲ್ಲಿ ಪ್ರತ್ಯೇಕ ನಿಯಮಾವಳಿಯನ್ನು ಹೊರಡಿಸಲಾಯಿತು. 1992ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ಪ್ರಸ್ತುತ 2001ರ ಜೂನ್ 15ರಂದು ಅಂಗೀಕೃತವಾಗಿ 2002ರ ಜುಲೈ 1ರಿಂದ ಜಾರಿಯಲ್ಲಿರುವ ಸ್ವಾಲ್ಬಾರ್ಡ್ ಪರಿಸರ ಸಂರಕ್ಷಣಾ ಕಾಯ್ದೆಯು ಅನ್ವಯವಾಗುತ್ತದೆ. ಇದರ ಮುಖ್ಯ ಅಂಶಗಳು ಹೀಗಿವೆ:

* 1945 ಅಥವಾ ಅದಕ್ಕಿಂತ ಹಿಂದಿನ ಎಲ್ಲ ಸ್ಥಿರ ಅವಶೇಷಗಳು ಮತ್ತು ಬಿಡಿ ವಸ್ತುಗಳು ಸಂರಕ್ಷಿತ.
* ಮನುಷ್ಯರ ಸಮಾಧಿಗಳು, ಶಿಲುಬೆಗಳು ಮತ್ತು ಇತರ ಸಮಾಧಿ ಚಿಹ್ನೆಗಳು, ನೆಲದ ಮೇಲೆ ಅಥವಾ ಒಳಗೆ ದೊರೆಯುವ ಮನುಷ್ಯರ ಮೂಳೆಗಳು ಯಾವ ಕಾಲದವಾದರೂ ಸಂರಕ್ಷಿತ.
* ವಾಲ್ರಸ್ ಮತ್ತು ತಿಮಿಂಗಿಲಗಳನ್ನು ಕೊಂದು ಕತ್ತರಿಸಿದ ಸ್ಥಳಗಳಲ್ಲಿನ ಮೂಳೆಗಳು, ಹಿಮಕರಡಿಗಳಿಗೆ ಒಡ್ಡಿದ ಬಂದೂಕು ಬಲೆಗಳ ಬಳಿಯಿರುವ ಮೂಳೆಗಳು ಕೂಡ ಕಾಲಮಿತಿಯಿಲ್ಲದೆ ಸಂರಕ್ಷಿತ.
* ಪ್ರತಿಯೊಂದು ಸ್ಥಿರ ತಾಣದ ಸುತ್ತ ಎಲ್ಲ ದಿಕ್ಕುಗಳಲ್ಲಿಯೂ 100 ಮೀಟರ್ ವಿಸ್ತಾರದ ರಕ್ಷಣಾ ವಲಯವಿರುತ್ತದೆ. ಇದರೊಳಗೆ ಡೇರೆ ಹಾಕುವುದು, ಬೆಂಕಿ ಹಚ್ಚುವುದು ಮೊದಲಾದವು ನಿಷಿದ್ಧ.
* 1945ರ ನಂತರದ ತಾಣಗಳನ್ನೂ ವಿಶೇಷ ಮಹತ್ವವಿದ್ದಲ್ಲಿ ನಾರ್ವೆಯ ಪರಂಪರೆ ನಿರ್ದೇಶನಾಲಯವು ಪ್ರತ್ಯೇಕ ಆದೇಶದ ಮೂಲಕ ರಕ್ಷಣೆಗೆ ಒಳಪಡಿಸಬಹುದು.

ಸ್ಥಳೀಯ ಮಟ್ಟದಲ್ಲಿ ಕಾಯ್ದೆಯನ್ನು ಜಾರಿಗೊಳಿಸುವ ಅಧಿಕಾರವು ಲಾಂಗ್‌ಇಯರ್‌ಬಿಯೆನ್ ಪಟ್ಟಣದಲ್ಲಿರುವ ಸ್ವಾಲ್ಬಾರ್ಡ್ ಗವರ್ನರ್ ಅವರಿಗಿದೆ. ತಾಣಗಳ ಪರಿಶೀಲನೆ, ದುರಸ್ತಿ, ಉತ್ಖನನದ ಅನುಮತಿ ಹಾಗೂ ಉಲ್ಲಂಘನೆಯ ತನಿಖೆ ಗವರ್ನರ್ ಕಚೇರಿಯ ಕೆಲಸಗಳು. ದ್ವೀಪಗಳ ನೆಲದ ಸುಮಾರು ಮೂರನೇ ಎರಡು ಭಾಗವು ರಾಷ್ಟ್ರೀಯ ಉದ್ಯಾನ ಅಥವಾ ನಿಸರ್ಗಧಾಮವಾಗಿದೆ. ಹೀಗಾಗಿ ಅನೇಕ ಐತಿಹಾಸಿಕ ತಾಣಗಳಿಗೆ ಎರಡು ಬಗೆಯ ರಕ್ಷಣೆ ದೊರೆತಂತಾಗಿದೆ. 2007ರಲ್ಲಿ ನಾರ್ವೆಯು ಸ್ವಾಲ್ಬಾರ್ಡ್ ದ್ವೀಪಸಮೂಹವನ್ನು ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಿತು.

## ಪ್ರಮುಖ ತಾಣಗಳು

### ತಿಮಿಂಗಿಲ ಬೇಟೆಯ ಕಾಲ

ದೀಪಕ್ಕೆ ಮತ್ತು ಸಾಬೂನು ತಯಾರಿಕೆಗೆ ಬೇಕಾದ ಎಣ್ಣೆಗಾಗಿ ಬೋಹೆಡ್ ತಿಮಿಂಗಿಲಗಳನ್ನು ಬೇಟೆಯಾಡಲು ಇಂಗ್ಲಿಷರು, ಡಚ್ಚರು, ಡೇನರು ಮತ್ತು ಬಾಸ್ಕ್ ಬೇಟೆಗಾರರು 17ನೇ ಶತಮಾನದ ಎರಡನೇ ದಶಕದಿಂದ ಇಲ್ಲಿಗೆ ಬರತೊಡಗಿದರು. ತಿಮಿಂಗಿಲಗಳನ್ನು ದಡಕ್ಕೆ ಎಳೆದು, ಅವುಗಳ ಕೊಬ್ಬನ್ನು ದೊಡ್ಡ ತಾಮ್ರದ ಕಡಾಯಿಗಳಲ್ಲಿ ಕುದಿಸಿ ಎಣ್ಣೆ ತೆಗೆಯಲಾಗುತ್ತಿತ್ತು. ಕಡಾಯಿಗಳಿಂದ ಉಕ್ಕಿ ಚೆಲ್ಲಿದ ಕೊಬ್ಬು ಮರಳು ಮತ್ತು ಜಲ್ಲಿಕಲ್ಲುಗಳೊಂದಿಗೆ ಬೆರೆತು ಕಾಂಕ್ರೀಟಿನಂತೆ ಗಟ್ಟಿಯಾಯಿತು. ಇಂದು ಒಲೆಗಳ ಇಟ್ಟಿಗೆಗಳು ಬಹುಮಟ್ಟಿಗೆ ಮಾಯವಾಗಿದ್ದರೂ ಅವುಗಳ ಸುತ್ತಲಿನ ಈ ಗಟ್ಟಿ ಉಂಗುರಗಳು ಉಳಿದಿದ್ದು, ಒಲೆಗಳ ಸ್ಥಾನವನ್ನು ತೋರಿಸುತ್ತವೆ.

ಸ್ಪಿಟ್ಸ್‌ಬರ್ಗೆನ್‌ನ ವಾಯವ್ಯದಲ್ಲಿರುವ ಆಮ್‌ಸ್ಟರ್‌ಡ್ಯಾಮ್ ದ್ವೀಪದ ಸ್ಮೀರೆನ್‌ಬರ್ಗ್ ಈ ಕಾಲದ ಅತ್ಯಂತ ಪ್ರಸಿದ್ಧ ತಾಣ. ಹೆಸರಿಗೆ ಡಚ್ ಭಾಷೆಯಲ್ಲಿ ‘ಕೊಬ್ಬಿನ ಊರು’ ಎಂಬ ಅರ್ಥವಿದೆ. ಸಾವಿರಾರು ಜನರು, ಅಂಗಡಿಗಳು ಮತ್ತು ಇಗರ್ಜಿಗಳಿದ್ದ ನಗರವೆಂದು ನಂತರದ ಬರಹಗಳು ಇದನ್ನು ಬಣ್ಣಿಸಿದ್ದವು. ನೆದರ್‌ಲೆಂಡ್ಸ್‌ನ ಗ್ರೋನಿಂಗನ್ ವಿಶ್ವವಿದ್ಯಾಲಯದ ಲೌವ್ರೆನ್ಸ್ ಹಾಕೆಬೋರ್ಡ್ ಅವರ ನೇತೃತ್ವದಲ್ಲಿ 1979ರಿಂದ 1981ರವರೆಗೆ ನಡೆದ ಉತ್ಖನನವು ಈ ದಂತಕಥೆಯನ್ನು ಕೊನೆಗೊಳಿಸಿತು. ಉಚ್ಛ್ರಾಯ ಕಾಲದಲ್ಲಿಯೂ ಅಲ್ಲಿ ಇದ್ದದ್ದು ಸುಮಾರು 16–17 ಕಟ್ಟಡಗಳು ಮತ್ತು 200ರಷ್ಟು ಜನರು ಮಾತ್ರ. ಅವರಲ್ಲಿ ಹೆಚ್ಚಿನವರು ಬೇಸಿಗೆಯಲ್ಲಿ ಮಾತ್ರ ಇಲ್ಲಿರುತ್ತಿದ್ದರು. 1633–34ರ ಚಳಿಗಾಲವನ್ನು ಏಳು ಡಚ್ಚರ ತಂಡವೊಂದು ಇಲ್ಲಿ ಕಳೆದು ಬದುಕುಳಿಯಿತು. ಮರುವರ್ಷ ಉಳಿದ ಏಳು ಜನರೂ ಸತ್ತರು. 1660ರ ಸುಮಾರಿಗೆ ಕೇಂದ್ರವನ್ನು ತೊರೆಯಲಾಯಿತು.

ಬೇಟೆ ಕೇಂದ್ರಗಳಿಗಿಂತ ಹೆಚ್ಚಾಗಿ ಕಾಣಸಿಗುವುದು ಸಮಾಧಿಗಳು. ಮ್ಯಾಗ್ಡಲೆನ್ ಫ್ಯೋರ್ಡ್‌ನ ಗ್ರಾವ್‌ನೆಸೆಟ್ನಲ್ಲಿ ನೂರಕ್ಕೂ ಹೆಚ್ಚು ಸಮಾಧಿಗಳಿವೆ. ‘ಹೆಣಗಳ ಭೂಶಿರ’ ಎಂಬ ಅರ್ಥದ ಲಿಕ್‌ನೆಸೆಟ್, ತಿಮಿಂಗಿಲಗಳ ಮೇಲೆ ಕಣ್ಣಿಡುವ ಎತ್ತರವಾಗಿದ್ದ ಯ್‌ಟ್ರೆ ನೋರ್ಸ್ಕ್ ದ್ವೀಪ ಇಂತಹ ಇತರ ಸ್ಥಳಗಳು. 1980ರಲ್ಲಿ ಡಚ್ ಪುರಾತತ್ವಜ್ಞರು 185 ಬೇಟೆಗಾರರ ಸಮಾಧಿಗಳನ್ನು ಪರಿಶೀಲಿಸಿದಾಗ ಅನೇಕ ಅಸ್ಥಿಪಂಜರಗಳ ತಲೆಯ ಮೇಲೆ ಹೆಣೆದ ಉಣ್ಣೆಯ ಟೋಪಿಗಳು ಇನ್ನೂ ಇದ್ದವು. ಪ್ರತಿಯೊಂದು ಟೋಪಿಯ ಪಟ್ಟೆಗಳೂ ಬಣ್ಣಗಳೂ ಬೇರೆಬೇರೆ. ಕಣ್ಣು ಮಾತ್ರ ಕಾಣುವಂತೆ ಮೈಮುಚ್ಚಿಕೊಳ್ಳುತ್ತಿದ್ದ ಈ ಜನರು ಟೋಪಿಯಿಂದಲೇ ಒಬ್ಬರನ್ನೊಬ್ಬರು ಗುರುತಿಸುತ್ತಿದ್ದಿರಬೇಕೆಂದು ಊಹಿಸಲಾಗಿದೆ. ಈ ಟೋಪಿಗಳು ಈಗ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿವೆ. 17ನೇ ಶತಮಾನದ ಯುರೋಪಿನಲ್ಲಿ ದುಡಿಯುವ ವರ್ಗದವರ ಉಡುಪುಗಳು ಉಳಿದುಬಂದಿರುವುದು ವಿರಳವಾದ್ದರಿಂದ ಈ ಸಮಾಧಿಗಳಿಗೆ ಸ್ವಾಲ್ಬಾರ್ಡ್‌ನ ಆಚೆಗೂ ಮಹತ್ವವಿದೆ.

### ಪೊಮೋರ್ ಬೇಟೆಗಾರರು

ರಷ್ಯಾದ ಬಿಳಿ ಸಮುದ್ರ ತೀರದ ಪೊಮೋರ್ ಜನರು 18ನೇ ಶತಮಾನದಿಂದ 19ನೇ ಶತಮಾನದ ಮಧ್ಯಭಾಗದವರೆಗೆ ಇಲ್ಲಿ ವಾಲ್ರಸ್, ಹಿಮಕರಡಿ, ನರಿ ಮತ್ತು ಹಿಮಸಾರಂಗಗಳನ್ನು ಬೇಟೆಯಾಡಿದರು. ತಿಮಿಂಗಿಲ ಬೇಟೆಗಾರರಂತಲ್ಲದೆ ಇವರು ಚಳಿಗಾಲದಲ್ಲಿಯೂ ಇಲ್ಲಿಯೇ ಉಳಿಯುತ್ತಿದ್ದರು. ಮರದ ದಿಮ್ಮಿಗಳ ಮನೆ, ಇಟ್ಟಿಗೆಯ ಒಲೆ, ಉಗಿಸ್ನಾನದ ಕೋಣೆ ಮತ್ತು ಆರ್ಥೊಡಾಕ್ಸ್ ಶಿಲುಬೆಗಳು ಇವರ ನೆಲೆಗಳ ಗುರುತುಗಳು. ಇಸ್‌ಫ್ಯೋರ್ಡ್‌ನ ಬಾಯಿಯಲ್ಲಿರುವ ರುಸ್ಸೆಕೈಲಾ ಇವುಗಳಲ್ಲಿ ಮುಖ್ಯವಾದುದು. ಅನೇಕ ಚಳಿಗಾಲಗಳನ್ನು ದ್ವೀಪಗಳಲ್ಲಿ ಕಳೆದ ಇವಾನ್ ಸ್ಟಾರೋಸ್ಟಿನ್ 1826ರಲ್ಲಿ ಇಲ್ಲಿ ತೀರಿಕೊಂಡನು. ಸಮೀಪದ ಭೂಶಿರಕ್ಕೆ ಅವನ ಹೆಸರಿದೆ.

ಪೊಮೋರರು ಬಾರೆಂಟ್ಸ್‌ಗಿಂತ ಮೊದಲೇ ಇಲ್ಲಿಗೆ ಬಂದಿದ್ದರೇ ಎಂಬುದು ವಿದ್ವಾಂಸರ ನಡುವೆ ಬಹುಕಾಲದ ವಿವಾದ. ಸೋವಿಯತ್ ಪುರಾತತ್ವಜ್ಞರು ಮನೆಗಳ ಮರದ ಉಂಗುರಗಳ ಕಾಲನಿರ್ಣಯದ ಆಧಾರದ ಮೇಲೆ ಕೆಲವು ನೆಲೆಗಳನ್ನು 16ನೇ ಶತಮಾನಕ್ಕೆ ಸೇರಿಸಿದರು. ಪಾಶ್ಚಾತ್ಯ ವಿದ್ವಾಂಸರಲ್ಲಿ ಹಲವರು ಇದನ್ನು ಒಪ್ಪಿಲ್ಲ. ಸೈಬೀರಿಯಾದ ನದಿಗಳಿಂದ ತೇಲಿಬಂದ ಹಳೆಯ ಮರವನ್ನು ದಡದಲ್ಲಿ ಹೆಕ್ಕಿ ಕಟ್ಟಡಕ್ಕೆ ಬಳಸುತ್ತಿದ್ದುದರಿಂದ, ಮರವನ್ನು ಕಡಿದ ವರ್ಷವು ಮನೆಯನ್ನು ಕಟ್ಟಿದ ವರ್ಷವೇ ಆಗಿರಬೇಕಾಗಿಲ್ಲ ಎಂಬುದು ಅವರ ವಾದದ ಒಂದು ಅಂಶ.

### ನಾರ್ವೆಯ ಚಳಿಗಾಲದ ಬೇಟೆಗಾರರು

19ನೇ ಶತಮಾನದ ಕೊನೆಯಿಂದ ನಾರ್ವೆಯ ಬೇಟೆಗಾರರು ಒಂಟಿಯಾಗಿ ಅಥವಾ ಇಬ್ಬರು ಮೂವರ ಗುಂಪಿನಲ್ಲಿ ಚಳಿಗಾಲವನ್ನು ಕಳೆಯುತ್ತಿದ್ದರು. ಹಲಗೆ, ಟಾರು ಕಾಗದ ಮತ್ತು ತೇಲಿಬಂದ ಮರಗಳಿಂದ ಕಟ್ಟಿದ ಇವರ ಪುಟ್ಟ ಗುಡಿಸಲುಗಳು ಕರಾವಳಿಯುದ್ದಕ್ಕೂ ಚದುರಿವೆ. ಹಿಲ್ಮಾರ್ ನೋಯ್ಸ್ ಎಂಬ ಬೇಟೆಗಾರನು 38 ಚಳಿಗಾಲಗಳನ್ನು ದ್ವೀಪಗಳಲ್ಲಿ ಕಳೆದನು. ಸಾಸೆನ್ ಫ್ಯೋರ್ಡ್‌ನಲ್ಲಿ ಅವನು 1924ರಲ್ಲಿ ಕಟ್ಟಿದ ಫ್ರೆಡ್‌ಹೈಮ್ ಎಂಬ ಎರಡಂತಸ್ತಿನ ಮನೆ ಈ ಬಗೆಯ ಕಟ್ಟಡಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಉತ್ತರ ಕರಾವಳಿಯ ಗ್ರೋಹುಕೆನ್ ಗುಡಿಸಲಿನಲ್ಲಿ ಲೇಖಕಿ ಕ್ರಿಸ್ಟಿಯಾನೆ ರಿಟ್ಟರ್ 1934–35ರ ಚಳಿಗಾಲವನ್ನು ಕಳೆದರು.

ಮಾಂಸದ ತುಂಡನ್ನು ಎಳೆದೊಡನೆ ಗುಂಡು ಹಾರುವಂತೆ ಪೆಟ್ಟಿಗೆಯಲ್ಲಿ ಬಂದೂಕನ್ನಿಟ್ಟು ಹಿಮಕರಡಿಗಳನ್ನು ಕೊಲ್ಲುವ ವಿಧಾನವನ್ನು ಈ ಬೇಟೆಗಾರರು ಬಳಸುತ್ತಿದ್ದರು. ಇಂತಹ ಪೆಟ್ಟಿಗೆಗಳು ಮತ್ತು ಅವುಗಳ ಸುತ್ತಲಿನ ಮೂಳೆಗಳು ಈಗಲೂ ಅಲ್ಲಲ್ಲಿ ಉಳಿದಿವೆ. 1973ರಲ್ಲಿ ಹಿಮಕರಡಿ ಬೇಟೆಯನ್ನು ನಿಷೇಧಿಸಲಾಯಿತು.

### ವಿಜ್ಞಾನ ಮತ್ತು ಧ್ರುವ ಯಾತ್ರೆಗಳು

ಇಸ್‌ಫ್ಯೋರ್ಡ್‌ನ ಕಾಪ್ ಥೋರ್ಡ್‌ಸೆನ್‌ನಲ್ಲಿರುವ ಸ್ವೀಡಿಷ್ ಮನೆ 1872ರಲ್ಲಿ ಫಾಸ್ಫೇಟ್ ಗಣಿಗಾರಿಕೆಗಾಗಿ ನಿರ್ಮಿತವಾಯಿತು. ಅದೇ ವರ್ಷ ಹಿಮದಲ್ಲಿ ಸಿಲುಕಿದ ಹಡಗುಗಳ 17 ನಾರ್ವೇಜಿಯನ್ ಬೇಟೆಗಾರರು ಇಲ್ಲಿ ಆಶ್ರಯ ಪಡೆದರು. ಮನೆಯಲ್ಲಿ ಸಾಕಷ್ಟು ಆಹಾರ ಮತ್ತು ಇಂಧನ ಇದ್ದರೂ ಚಳಿಗಾಲ ಮುಗಿಯುವುದರೊಳಗೆ ಎಲ್ಲರೂ ಸತ್ತರು. ವಿಟಮಿನ್ ಕೊರತೆಯಿಂದ ಬರುವ ಸ್ಕರ್ವಿ ರೋಗವೇ ಕಾರಣವೆಂದು ಶತಮಾನಕ್ಕೂ ಹೆಚ್ಚು ಕಾಲ ನಂಬಲಾಗಿತ್ತು. 2008ರಲ್ಲಿ ಸಮಾಧಿಗಳಿಂದ ತೆಗೆದ ಮೂಳೆಗಳ ಪರೀಕ್ಷೆಯಲ್ಲಿ ಅತಿಯಾದ ಸೀಸ ಕಂಡುಬಂದಿತು. ಸೀಸದ ಬೆಸುಗೆಯಿದ್ದ ಆಹಾರದ ಡಬ್ಬಿಗಳೇ ವಿಷದ ಮೂಲವೆಂದು ಸಂಶೋಧಕರು ಅಭಿಪ್ರಾಯಪಟ್ಟರು. 1882–83ರಲ್ಲಿ ಮೊದಲ ಅಂತಾರಾಷ್ಟ್ರೀಯ ಧ್ರುವ ವರ್ಷದ ಸ್ವೀಡಿಷ್ ತಂಡವು ಇದೇ ಮನೆಯನ್ನು ಕೇಂದ್ರವಾಗಿ ಬಳಸಿತು.

ಡೇನ್ಸ್ ದ್ವೀಪದ ವಿರ್ಗೋಹಾಮ್ನಾ ಎಂಬ ಸಣ್ಣ ಕೊಲ್ಲಿಯಲ್ಲಿ ಹಲವು ಕಾಲದ ಅವಶೇಷಗಳು ಒಂದರ ಮೇಲೊಂದು ಸೇರಿವೆ. 17ನೇ ಶತಮಾನದ ಡಚ್ ಒಲೆಗಳ ಪಕ್ಕದಲ್ಲಿಯೇ ಸ್ವೀಡನ್‌ನ ಎಸ್. ಎ. ಆಂಡ್ರೆ ಅವರ ಬಲೂನು ಮನೆಯ ಹಲಗೆಗಳಿವೆ. ಜಲಜನಕ ಅನಿಲ ತಯಾರಿಸಿದ ಸಲಕರಣೆಗಳ ಚೂರುಗಳೂ ಇವೆ. ಆಂಡ್ರೆ ಮತ್ತು ಇಬ್ಬರು ಸಂಗಡಿಗರು 1897ರ ಜುಲೈ 11ರಂದು ಇಲ್ಲಿಂದ ಬಲೂನಿನಲ್ಲಿ ಉತ್ತರ ಧ್ರುವದತ್ತ ಹೊರಟು ಕಣ್ಮರೆಯಾದರು. ಅವರ ಅವಶೇಷಗಳು 1930ರಲ್ಲಿ ಪೂರ್ವದ ಕ್ವಿಟ್ ದ್ವೀಪದಲ್ಲಿ ಪತ್ತೆಯಾದವು. ಅಮೆರಿಕದ ಪತ್ರಕರ್ತ ವಾಲ್ಟರ್ ವೆಲ್‌ಮನ್ 1906, 1907 ಮತ್ತು 1909ರಲ್ಲಿ ವಾಯುನೌಕೆಯ ಯಾತ್ರೆಗಳಿಗೆ ಇದೇ ಕೊಲ್ಲಿಯನ್ನು ಆರಿಸಿಕೊಂಡರು.

ನೈ-ಆಲೆಸುಂಡ್ನಲ್ಲಿರುವ ಕಬ್ಬಿಣದ ವಾಯುನೌಕಾ ಕಂಬವನ್ನು 1926ರಲ್ಲಿ ಸ್ಥಾಪಿಸಲಾಯಿತು. ಆ ವರ್ಷದ ಮೇ 11ರಂದು ರೋಲ್ಡ್ ಅಮುಂಡ್‌ಸೆನ್, ಲಿಂಕನ್ ಎಲ್ಸ್‌ವರ್ತ್ ಮತ್ತು ಉಂಬರ್ಟೊ ನೊಬಿಲೆ ಅವರಿದ್ದ ‘ನೋರ್ಗೆ’ ವಾಯುನೌಕೆಯು ಇಲ್ಲಿಂದ ಹೊರಟು ಧ್ರುವದ ಮೇಲಿನಿಂದ ಹಾದು ಅಲಾಸ್ಕಾ ತಲುಪಿತು. 1928ರಲ್ಲಿ ನೊಬಿಲೆಯ ‘ಇಟಾಲಿಯಾ’ ಅಪಘಾತಕ್ಕೀಡಾಯಿತು. ಅವರನ್ನು ಹುಡುಕಲು ವಿಮಾನದಲ್ಲಿ ಹೊರಟ ಅಮುಂಡ್‌ಸೆನ್ ಮರಳಿ ಬರಲಿಲ್ಲ.

### ಗಣಿಗಾರಿಕೆ

20ನೇ ಶತಮಾನದ ಆರಂಭದಲ್ಲಿ ಖನಿಜಗಳ ಆಸೆಯಿಂದ ಹಲವು ದೇಶಗಳ ಕಂಪನಿಗಳು ಇಲ್ಲಿ ನೆಲದ ಮೇಲೆ ಹಕ್ಕು ಸ್ಥಾಪಿಸಿದವು. ಅಮೆರಿಕದ ಉದ್ಯಮಿ ಜಾನ್ ಮನ್ರೊ ಲಾಂಗ್‌ಇಯರ್ 1906ರಲ್ಲಿ ಆರಂಭಿಸಿದ ಕಲ್ಲಿದ್ದಲು ನೆಲೆಯೇ ಇಂದಿನ ಆಡಳಿತ ಕೇಂದ್ರವಾದ ಲಾಂಗ್‌ಇಯರ್‌ಬಿಯೆನ್. ಬೆಟ್ಟದ ಗಣಿಗಳಿಂದ ಬಂದರಿಗೆ ಕಲ್ಲಿದ್ದಲನ್ನು ಸಾಗಿಸುತ್ತಿದ್ದ ಹಗ್ಗದ ಹಾದಿಯ ಮರದ ಗೋಪುರಗಳು ಪಟ್ಟಣದ ಸುತ್ತ ಈಗಲೂ ನಿಂತಿವೆ.

ಕೊಂಗ್ಸ್ ಫ್ಯೋರ್ಡ್‌ನ ನೈ-ಲಂಡನ್ ವಿಫಲ ಉದ್ಯಮವೊಂದರ ಸ್ಮಾರಕ. ಇಂಗ್ಲಿಷ್ ಸಾಹಸಿ ಅರ್ನೆಸ್ಟ್ ಮ್ಯಾನ್ಸ್‌ಫೀಲ್ಡ್ 1911ರ ಸುಮಾರಿಗೆ ಇಲ್ಲಿ ಅಮೃತಶಿಲೆಯ ಗಣಿಯನ್ನು ಆರಂಭಿಸಿದನು. ಹಿಮದ ಹೊಡೆತದಿಂದ ಒಳಗೇ ಬಿರುಕು ಬಿಟ್ಟಿದ್ದ ಕಲ್ಲು ಉಪಯೋಗಕ್ಕೆ ಬರಲಿಲ್ಲ. ಹಬೆಯಂತ್ರ, ಎತ್ತುಯಂತ್ರ ಮತ್ತು ಹಳಿಗಳನ್ನು ಅಲ್ಲಿಯೇ ಬಿಟ್ಟುಹೋಗಲಾಯಿತು. ಮ್ಯಾನ್ಸ್‌ಫೀಲ್ಡ್‌ನ ಕಾಲದಲ್ಲಿ ಈ ಸ್ಥಳವು ಪರ್ಯಾಯದ್ವೀಪವಾಗಿತ್ತು. ಹಿಮನದಿ ಹಿಂದೆ ಸರಿದ ಕಾರಣ 1990ರ ದಶಕದಲ್ಲಿ ಇದು ದ್ವೀಪವೆಂಬುದು ಸ್ಪಷ್ಟವಾಯಿತು.

### ಎರಡನೇ ಮಹಾಯುದ್ಧ

ಆರ್ಕ್ಟಿಕ್‌ನ ಹವಾಮಾನ ಮಾಹಿತಿಯು ಯುರೋಪಿನ ಯುದ್ಧ ಯೋಜನೆಗೆ ಅಗತ್ಯವಾಗಿದ್ದರಿಂದ ಜರ್ಮನಿಯು ದ್ವೀಪಗಳಲ್ಲಿ ರಹಸ್ಯ ಹವಾಮಾನ ಕೇಂದ್ರಗಳನ್ನು ಸ್ಥಾಪಿಸಿತು. 1943ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಯುದ್ಧನೌಕೆಗಳು ಲಾಂಗ್‌ಇಯರ್‌ಬಿಯೆನ್ ಮತ್ತು ಬಾರೆಂಟ್ಸ್‌ಬರ್ಗ್‌ಗಳನ್ನು ಸುಟ್ಟುಹಾಕಿದವು. ಈಶಾನ್ಯದ ನೋರ್ಡ್‌ಔಸ್ಟ್ ದ್ವೀಪದ ರೈಪ್ ಫ್ಯೋರ್ಡ್‌ನಲ್ಲಿರುವ ಹೌಡೆಗನ್ ಕೇಂದ್ರವನ್ನು 1944ರಲ್ಲಿ ಸ್ಥಾಪಿಸಲಾಯಿತು. ವಿಲ್ಹೆಲ್ಮ್ ಡೆಗೆ ನೇತೃತ್ವದ 11 ಜನರ ಈ ತಂಡವು 1945ರ ಸೆಪ್ಟೆಂಬರ್ 4ರಂದು ನಾರ್ವೆಯ ಸೀಲ್ ಬೇಟೆ ಹಡಗೊಂದರ ನಾಯಕನಿಗೆ ಶರಣಾಯಿತು. ಶರಣಾದ ಕೊನೆಯ ಜರ್ಮನ್ ಸೈನಿಕ ತುಕಡಿಗಳಲ್ಲಿ ಇದೂ ಒಂದು. 1945ರ ಕಾಲಮಿತಿಯಿಂದಾಗಿ ಇಂತಹ ಯುದ್ಧಕಾಲದ ಅವಶೇಷಗಳು ತಾನಾಗಿಯೇ ಸಂರಕ್ಷಿತವಾಗಿವೆ.

## ತಾಣಗಳಿಗಿರುವ ಅಪಾಯಗಳು

### ಹವಾಮಾನ ಬದಲಾವಣೆ

ಸ್ವಾಲ್ಬಾರ್ಡ್‌ನ ಉಷ್ಣತೆಯು ಜಾಗತಿಕ ಸರಾಸರಿಗಿಂತ ಹಲವು ಪಟ್ಟು ವೇಗವಾಗಿ ಏರುತ್ತಿದೆ. ಇದು ತಾಣಗಳನ್ನು ಮೂರು ಬಗೆಯಲ್ಲಿ ಬಾಧಿಸುತ್ತದೆ.

ಮೊದಲನೆಯದು ಕಡಲಕೊರೆತ. ಬೇಟೆಗಾರರೂ ಗಣಿಗಾರರೂ ದೋಣಿಯಲ್ಲಿ ಬಂದವರಾದ್ದರಿಂದ ಬಹುಪಾಲು ತಾಣಗಳು ದಡದ ಅಂಚಿನಲ್ಲಿವೆ. ಹಿಂದೆ ವರ್ಷದ ಹೆಚ್ಚಿನ ಕಾಲ ಕಡಲ ಹಿಮವು ದಡವನ್ನು ಅಲೆಗಳಿಂದ ಕಾಪಾಡುತ್ತಿತ್ತು. ಹಿಮದ ಅವಧಿ ಕಡಿಮೆಯಾದಂತೆ ಶರತ್ಕಾಲದ ಬಿರುಗಾಳಿಗಳು ನೇರವಾಗಿ ದಡವನ್ನು ಬಡಿಯುತ್ತವೆ. ಲಾಂಗ್‌ಇಯರ್‌ಬಿಯೆನ್‌ನ ಎದುರು ದಡದಲ್ಲಿರುವ ಹ್ಯೋರ್ಟ್‌ಹಾಮ್ನ್ ಗಣಿ ನೆಲೆಯ ಅವಶೇಷಗಳು ಈ ಕಾರಣದಿಂದ ಕುಸಿಯುತ್ತಿವೆ.

ಎರಡನೆಯದು ಹೆಪ್ಪುನೆಲದ ಕರಗುವಿಕೆ. ನೆಲದ ಮೇಲ್ಪದರವು ಪ್ರತಿ ವರ್ಷ ಕರಗಿ ಮತ್ತೆ ಹೆಪ್ಪುಗಟ್ಟುವಾಗ ಅದರೊಳಗಿನ ವಸ್ತುಗಳನ್ನು ನಿಧಾನವಾಗಿ ಮೇಲಕ್ಕೆ ತಳ್ಳುತ್ತದೆ. ಶವಪೆಟ್ಟಿಗೆಗಳು ನೆಲದಿಂದ ಹೊರಬರುವುದು ಹೀಗೆ. 1918ರಲ್ಲಿ ಇನ್‌ಫ್ಲೂಯೆಂಜಾದಿಂದ ಸತ್ತ ಏಳು ಯುವಕರ ಸಮಾಧಿಗಳನ್ನು 1998ರಲ್ಲಿ ವೈರಾಣುವಿನ ಹುಡುಕಾಟಕ್ಕಾಗಿ ಲಾಂಗ್‌ಇಯರ್‌ಬಿಯೆನ್‌ನಲ್ಲಿ ತೆರೆದಾಗ, ಶವಗಳು ಸದಾ ಹೆಪ್ಪುಗಟ್ಟಿರುವ ಪದರಕ್ಕಿಂತ ಮೇಲೆಯೇ ಇದ್ದುದು ಕಂಡುಬಂದಿತು. ಕರಗುವ ಪದರವು ದಪ್ಪವಾದಷ್ಟೂ ಹೆಚ್ಚು ಸಮಾಧಿಗಳು ಇದೇ ಸ್ಥಿತಿಗೆ ಬರುತ್ತವೆ.

ಮೂರನೆಯದು ಕೊಳೆಯುವಿಕೆ. ಬೆಚ್ಚಗಿನ, ತೇವಭರಿತ ಹವೆಯಲ್ಲಿ ಶಿಲೀಂಧ್ರಗಳು ಮರವನ್ನೂ ಬಟ್ಟೆಯನ್ನೂ ತಿನ್ನುತ್ತವೆ. ಲಿಕ್‌ನೆಸೆಟ್‌ನಲ್ಲಿ 1980ರ ದಶಕದಲ್ಲಿ ಅಗೆದ ಸಮಾಧಿಗಳನ್ನು 2016 ಮತ್ತು 2019ರಲ್ಲಿ ಅಗೆದವುಗಳೊಂದಿಗೆ ಹೋಲಿಸಿದಾಗ, ಬಟ್ಟೆಗಳ ಸ್ಥಿತಿ ಬಹಳ ಹದಗೆಟ್ಟಿರುವುದು ತಿಳಿಯಿತು. ಅಲ್ಲಿನ ಅಸ್ಥಿಪಂಜರಗಳಲ್ಲಿ ಸ್ಕರ್ವಿ ಮತ್ತು ಅತಿಯಾದ ದೈಹಿಕ ಶ್ರಮದ ಗುರುತುಗಳು ದೊರೆತಿವೆ. ಮೂಳೆಗಳು ಕೊಳೆತರೆ ಈ ಬಗೆಯ ಮಾಹಿತಿಯನ್ನು ಮುಂದೆ ಪಡೆಯಲಾಗದು.

### ಮನುಷ್ಯ ಮತ್ತು ಪ್ರಾಣಿಗಳಿಂದ ಹಾನಿ

ಪ್ರವಾಸಿಗರ ಓಡಾಟದಿಂದ ತೆಳುವಾದ ಸಸ್ಯಪದರ ಸವೆದು ಮಣ್ಣು ಕೊಚ್ಚಿಹೋಗುತ್ತದೆ. ಹಿಂದಿನ ದಶಕಗಳಲ್ಲಿ ಸಂದರ್ಶಕರು ವಸ್ತುಗಳನ್ನು ನೆನಪಿಗಾಗಿ ಒಯ್ಯುತ್ತಿದ್ದರು. ವಿರ್ಗೋಹಾಮ್ನಾ ಇದರಿಂದ ವಿಶೇಷವಾಗಿ ನಷ್ಟ ಅನುಭವಿಸಿತು. ನೆಲದ ಮೇಲಿನ ಹಲಗೆಯ ಚೂರುಗಳು ಮತ್ತು ಕಬ್ಬಿಣದ ತುಂಡುಗಳು ಕಸದಂತೆ ಕಾಣುವುದರಿಂದ ತಿಳಿಯದೆಯೇ ತುಳಿಯುವ ಸಂಭವವೂ ಇದೆ. ಆಹಾರವನ್ನು ಹುಡುಕುವ ಹಿಮಕರಡಿಗಳು ಗುಡಿಸಲುಗಳ ಬಾಗಿಲು, ಕಿಟಕಿ ಮತ್ತು ಗೋಡೆಗಳನ್ನು ಮುರಿಯುತ್ತವೆ.

## ಸಂರಕ್ಷಣಾ ಕ್ರಮಗಳು

ತಾಣಗಳು ಬಹುದೂರದಲ್ಲಿದ್ದು, ಹೆಚ್ಚಿನವುಗಳಿಗೆ ಹಡಗು ಅಥವಾ ಹೆಲಿಕಾಪ್ಟರ್ ಮೂಲಕ ಮಾತ್ರ ತಲುಪಬಹುದು. ಕೆಲಸಕ್ಕೆ ದೊರೆಯುವ ಬೇಸಿಗೆಯೂ ಚಿಕ್ಕದು. ಎಲ್ಲವನ್ನೂ ಉಳಿಸಿಕೊಳ್ಳುವುದು ಸಾಧ್ಯವಿಲ್ಲವೆಂದು ಒಪ್ಪಿ, ಆದ್ಯತೆಯ ತಾಣಗಳನ್ನು ಆರಿಸಿ ಅವುಗಳ ಮೇಲೆ ಗಮನ ಹರಿಸುವ ನೀತಿಯನ್ನು ಗವರ್ನರ್ ಕಚೇರಿಯು ಅನುಸರಿಸುತ್ತದೆ. ಉಳಿದವು ಸ್ವಾಭಾವಿಕವಾಗಿ ಶಿಥಿಲವಾಗಲು ಬಿಡಲಾಗುತ್ತದೆ. ಮುಖ್ಯ ಕ್ರಮಗಳು ಇವು:

* ದುರಸ್ತಿ: ಆಯ್ದ ಗುಡಿಸಲುಗಳ ಛಾವಣಿ, ಗೋಡೆ ಮತ್ತು ಕಿಟಕಿಗಳನ್ನು ಮೂಲ ವಿಧಾನದಲ್ಲಿಯೇ ಸರಿಪಡಿಸುವುದು.
* ಸ್ಥಳಾಂತರ: ಕಡಲಕೊರೆತಕ್ಕೆ ಸಿಲುಕಿದ್ದ ಫ್ರೆಡ್‌ಹೈಮ್ ಅನ್ನು 2015ರಲ್ಲಿ ದಡದಿಂದ ಒಳಕ್ಕೆ ಸರಿಸಲಾಯಿತು.
* ತುರ್ತು ಉತ್ಖನನ: ಸಮುದ್ರಕ್ಕೆ ಬೀಳಲಿರುವ ಸಮಾಧಿಗಳನ್ನು ಅಗೆದು ಮೂಳೆ ಮತ್ತು ಬಟ್ಟೆಗಳನ್ನು ವಸ್ತುಸಂಗ್ರಹಾಲಯಕ್ಕೆ ಸಾಗಿಸುವುದು.
* ದಾಖಲೀಕರಣ: ಛಾಯಾಚಿತ್ರ, ಡ್ರೋನ್ ಮತ್ತು ಲೇಸರ್ ಸ್ಕ್ಯಾನಿಂಗ್ ಮೂಲಕ ಅಳತೆಗಳನ್ನು ಉಳಿಸಿಕೊಳ್ಳುವುದು.
* ಪ್ರವೇಶ ನಿಯಂತ್ರಣ: ವಿರ್ಗೋಹಾಮ್ನಾಕ್ಕೆ ಹೋಗಲು ಗವರ್ನರ್ ಅವರ ಅನುಮತಿ ಬೇಕು. ಕೆಲವು ಸೂಕ್ಷ್ಮ ತಾಣಗಳಿಗೆ ಪ್ರವೇಶವನ್ನೇ ನಿಷೇಧಿಸಲಾಗಿದೆ. 2025ರ ಜನವರಿ 1ರಿಂದ ಜಾರಿಗೆ ಬಂದ ನಿಯಮಗಳು ಸಂರಕ್ಷಿತ ಪ್ರದೇಶಗಳಲ್ಲಿ ಪ್ರವಾಸಿ ಹಡಗುಗಳ ಪ್ರಯಾಣಿಕರ ಸಂಖ್ಯೆಯನ್ನು 200ಕ್ಕೆ ಮಿತಿಗೊಳಿಸಿ, ಗೊತ್ತುಪಡಿಸಿದ ಸ್ಥಳಗಳಲ್ಲಿ ಮಾತ್ರ ದಡಕ್ಕಿಳಿಯಲು ಅವಕಾಶ ನೀಡಿವೆ.

ಸಂದರ್ಶಕರಿಂದ ಸಂಗ್ರಹಿಸುವ ಪರಿಸರ ಶುಲ್ಕವು ಸ್ವಾಲ್ಬಾರ್ಡ್ ಪರಿಸರ ಸಂರಕ್ಷಣಾ ನಿಧಿಗೆ ಸೇರುತ್ತದೆ. ಈ ನಿಧಿಯಿಂದ ದುರಸ್ತಿ ಮತ್ತು ಸಂಶೋಧನೆಗಳಿಗೆ ಹಣ ನೀಡಲಾಗುತ್ತದೆ. ಉತ್ಖನನದಲ್ಲಿ ದೊರೆತ ಅನೇಕ ವಸ್ತುಗಳನ್ನು ಲಾಂಗ್‌ಇಯರ್‌ಬಿಯೆನ್‌ನ ಸ್ವಾಲ್ಬಾರ್ಡ್ ವಸ್ತುಸಂಗ್ರಹಾಲಯದಲ್ಲಿ ಇಡಲಾಗಿದೆ.

## ಚರ್ಚೆ

1945ರ ಗಡಿಯನ್ನು ಕುರಿತು ಭಿನ್ನಾಭಿಪ್ರಾಯಗಳಿವೆ. ಆ ವರ್ಷದವರೆಗಿನ ವಸ್ತು ಪರಂಪರೆಯೆನಿಸಿದರೆ, ನಂತರದ ವಸ್ತು ವಿಶೇಷ ಆದೇಶವಿಲ್ಲದಿದ್ದಲ್ಲಿ ತೆರವುಗೊಳಿಸಬೇಕಾದ ತ್ಯಾಜ್ಯವೆನಿಸಬಹುದು. ಚಟುವಟಿಕೆ ಮುಗಿದ ನಂತರ ಪ್ರದೇಶವನ್ನು ಮೊದಲಿನ ಸ್ಥಿತಿಗೆ ತರಬೇಕೆಂದು ಇದೇ ಕಾಯ್ದೆಯು ಉದ್ಯಮಗಳಿಗೆ ವಿಧಿಸುತ್ತದೆ. 1917ರಲ್ಲಿ ಸ್ವೀಡನ್ನಿನವರು ಆರಂಭಿಸಿದ ಸ್ವೇಆ ಗಣಿ ನೆಲೆಯಲ್ಲಿ ಈ ಎರಡೂ ವಿಧಿಗಳು ಎದುರಾದವು. 2017ರಲ್ಲಿ ಗಣಿಯನ್ನು ಮುಚ್ಚಲು ನಿರ್ಧರಿಸಿದ ನಾರ್ವೆ ಸರ್ಕಾರವು ಅಲ್ಲಿನ ಆಧುನಿಕ ಕಟ್ಟಡಗಳು ಮತ್ತು ರಸ್ತೆಗಳನ್ನು ತೆಗೆದು ಪ್ರದೇಶವನ್ನು ನಿಸರ್ಗಕ್ಕೆ ಮರಳಿಸಿತು. ಈ ಕೆಲಸ 2023ರಲ್ಲಿ ಪೂರ್ಣಗೊಂಡಿತು. ಹಳೆಯ ಅವಶೇಷಗಳನ್ನು ಮಾತ್ರ ಉಳಿಸಿಕೊಳ್ಳಲಾಯಿತು. ದಶಕಗಳ ಕಾಲ ಅಲ್ಲಿ ದುಡಿದವರ ಬದುಕಿನ ಬಹುಪಾಲು ಕುರುಹುಗಳು ಇದರಿಂದ ಅಳಿದವು.

1998ರಲ್ಲಿ ನಿರ್ಜನವಾದ ಸೋವಿಯತ್ ಗಣಿ ಪಟ್ಟಣ ಪಿರಮಿಡೆನ್‌ನ ಬಹುತೇಕ ಕಟ್ಟಡಗಳು 1945ರ ನಂತರದವಾದ್ದರಿಂದ ಅವೂ ತಾನಾಗಿಯೇ ಸಂರಕ್ಷಿತವಾಗುವುದಿಲ್ಲ. 2025ರಲ್ಲಿ ಲಾಂಗ್‌ಇಯರ್‌ಬಿಯೆನ್ ಬಳಿಯ ಗಣಿ 7 ಮುಚ್ಚುವುದರೊಂದಿಗೆ ದ್ವೀಪಗಳಲ್ಲಿ ನಾರ್ವೆಯ ಕಲ್ಲಿದ್ದಲು ಗಣಿಗಾರಿಕೆ ಕೊನೆಗೊಂಡಿತು. ಈ ಉದ್ಯಮದ ಯಾವ ಭಾಗವನ್ನು ಪರಂಪರೆಯಾಗಿ ಉಳಿಸಬೇಕೆಂಬ ಪ್ರಶ್ನೆ ಇದರಿಂದ ಇನ್ನಷ್ಟು ಪ್ರಸ್ತುತವಾಗಿದೆ.

ಸಮಾಧಿಗಳ ವಿಷಯದಲ್ಲಿ ಪ್ರಶ್ನೆ ಬೇರೆ. ಸತ್ತವರನ್ನು ಅವರನ್ನು ಹೂಳಿದ ನೆಲದಲ್ಲಿಯೇ ಬಿಡುವುದು ಗೌರವದ ಮಾರ್ಗವೆಂದು ಒಂದು ಅಭಿಪ್ರಾಯವಿದೆ. ಅಗೆಯದಿದ್ದರೆ ಅವರನ್ನು ಕುರಿತ ಏಕೈಕ ದಾಖಲೆ ಸಮುದ್ರದ ಪಾಲಾಗುತ್ತದೆ ಎಂಬುದು ಇನ್ನೊಂದು ಅಭಿಪ್ರಾಯ.

## ತಾಣಗಳ ಪಟ್ಟಿ

| ತಾಣ | ಸ್ಥಳ | ಕಾಲ | ಸ್ವರೂಪ |
|---|---|---|---|
| ಸ್ಮೀರೆನ್‌ಬರ್ಗ್ | ಆಮ್‌ಸ್ಟರ್‌ಡ್ಯಾಮ್ ದ್ವೀಪ | 17ನೇ ಶತಮಾನ | ತಿಮಿಂಗಿಲ ಬೇಟೆ ಕೇಂದ್ರ |
| ಗ್ರಾವ್‌ನೆಸೆಟ್ | ಮ್ಯಾಗ್ಡಲೆನ್ ಫ್ಯೋರ್ಡ್ | 17–18ನೇ ಶತಮಾನ | ಸಮಾಧಿಗಳು, ಒಲೆಗಳು |
| ರುಸ್ಸೆಕೈಲಾ | ಇಸ್‌ಫ್ಯೋರ್ಡ್ | 18–19ನೇ ಶತಮಾನ | ಪೊಮೋರ್ ನೆಲೆ |
| ಸ್ವೀಡಿಷ್ ಮನೆ | ಕಾಪ್ ಥೋರ್ಡ್‌ಸೆನ್ | 1872 | ಕಟ್ಟಡ, ಸಮಾಧಿಗಳು |
| ವಿರ್ಗೋಹಾಮ್ನಾ | ಡೇನ್ಸ್ ದ್ವೀಪ | 17ನೇ ಶತಮಾನ. 1896–1909 | ಬೇಟೆ ಕೇಂದ್ರ, ಯಾತ್ರಾ ನೆಲೆ |
| ನೈ-ಲಂಡನ್ | ಕೊಂಗ್ಸ್ ಫ್ಯೋರ್ಡ್ | 1911ರಿಂದ | ಅಮೃತಶಿಲೆ ಗಣಿ |
| ಫ್ರೆಡ್‌ಹೈಮ್ | ಸಾಸೆನ್ ಫ್ಯೋರ್ಡ್ | 1924 | ಬೇಟೆಗಾರರ ಮನೆ |
| ವಾಯುನೌಕಾ ಕಂಬ | ನೈ-ಆಲೆಸುಂಡ್ | 1926 | ಧ್ರುವ ಯಾತ್ರೆ |
| ಹೌಡೆಗನ್ | ರೈಪ್ ಫ್ಯೋರ್ಡ್ | 1944–45 | ಜರ್ಮನ್ ಹವಾಮಾನ ಕೇಂದ್ರ |

## ಭಾರತದೊಂದಿಗೆ ನಂಟು

1920ರ ಸ್ವಾಲ್ಬಾರ್ಡ್ ಒಪ್ಪಂದಕ್ಕೆ ಬ್ರಿಟಿಷ್ ಆಳ್ವಿಕೆಯ ಭಾರತವೂ ಸೇರಿತ್ತು. ಸ್ವತಂತ್ರ ಭಾರತವು ಈ ಸದಸ್ಯತ್ವವನ್ನು ಮುಂದುವರಿಸಿತು. 2008ರ ಜುಲೈ 1ರಂದು ಭಾರತವು ತನ್ನ ಮೊದಲ ಆರ್ಕ್ಟಿಕ್ ಸಂಶೋಧನಾ ಕೇಂದ್ರವಾದ ‘ಹಿಮಾದ್ರಿ’ಯನ್ನು ನೈ-ಆಲೆಸುಂಡ್‌ನಲ್ಲಿ ಆರಂಭಿಸಿತು. ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವು ಇದನ್ನು ನಿರ್ವಹಿಸುತ್ತದೆ. 2014ರಲ್ಲಿ ಸಮೀಪದ ಕೊಂಗ್ಸ್ ಫ್ಯೋರ್ಡ್‌ನ ನೀರಿನಲ್ಲಿ ‘ಇಂಡ್‌ಆರ್ಕ್’ ಎಂಬ ವೀಕ್ಷಣಾಲಯವನ್ನು ಸ್ಥಾಪಿಸಲಾಯಿತು.

ಹಿಮಾದ್ರಿಯಿರುವ ನೈ-ಆಲೆಸುಂಡ್ ಹಿಂದೆ ಗಣಿಗಾರರ ಊರಾಗಿತ್ತು. 1962ರ ನವೆಂಬರ್‌ನಲ್ಲಿ ಸಂಭವಿಸಿದ ಗಣಿ ಸ್ಫೋಟದಲ್ಲಿ 21 ಕಾರ್ಮಿಕರು ಸತ್ತ ನಂತರ ಇಲ್ಲಿನ ಗಣಿಗಾರಿಕೆಯನ್ನು ನಿಲ್ಲಿಸಲಾಯಿತು. ಊರಿನ ಹಳೆಯ ಮರದ ಮನೆಗಳು, ಕಲ್ಲಿದ್ದಲು ಸಾಗಿಸಿದ ಪುಟ್ಟ ರೈಲು ಮತ್ತು ವಾಯುನೌಕಾ ಕಂಬ ಇಂದಿಗೂ ಉಳಿದಿದ್ದು, ಇಲ್ಲಿ ಕೆಲಸ ಮಾಡುವ ಎಲ್ಲ ದೇಶಗಳ ವಿಜ್ಞಾನಿಗಳಿಗೂ ಸ್ವಾಲ್ಬಾರ್ಡ್‌ನ ಪರಂಪರೆ ರಕ್ಷಣೆಯ ನಿಯಮಗಳು ಅನ್ವಯವಾಗುತ್ತವೆ.